ಒಂದೇ ಮಾಲು, ಎರಡು ಗೋಡೌನು

ಲೀಲಾಬಾಯಿ: ಅಳಿಸಿದ್ರಿ? ಎಲ್ಲಾನೂ ಅಳಿಸಿದ್ರಿ?

ನಾಗಣ್ಣ: ಅಳಿಸಿದೆ ಅನಬ್ಯಾಡ. ಮಾಲು ಆ ಕಡೆ ಕಳಿಸಿದೆ, ಈ ಕಡೆ ಗೋಡೌನ್ ಖಾಲಿ ಮಾಡಿದೆ. ಇದಕ್ಕ ವ್ಯಾಪಾರ ಅಂತಾರ.

ಲೀಲಾಬಾಯಿ: ಅವು ಟಾವೆಲ್ ಅಲ್ರೀ, ಪುಸ್ತಕ!

ನಾಗಣ್ಣ: ಟಾವೆಲ್ ಇರಲಿ, ಪುಸ್ತಕ ಇರಲಿ. ಒಂದ ಮಾಲು ಎರಡ ಗೋಡೌನದಾಗ ಇರಬಾರದು. ಇದ್ರ ಅದು ಮೋಸ, ಅದಕ್ಕ ಲಬಾಡಿ ಅಂತಾರ.

(ಶ್ರಾವಣದ ಕೊನೆಯ ಸೋಮವಾರ, ಮಧ್ಯಾಹ್ನ. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿರುವ ಮನೆ. ಟಾವೆಲ್ ವ್ಯಾಪಾರಿ ನಾಗಣ್ಣನವರು ಉಪವಾಸದ ಸಾಬೂದಾಣಿ ಖಿಚಡಿ ತಿನ್ನಲು ಅಂಗಡಿಯಿಂದ ಮನೆಗೆ ಬಂದಿದ್ದಾರೆ. ಉಪವಾಸದ ದಿನ ಅವರ ತಟ್ಟೆ ಉಳಿದ ದಿನಕ್ಕಿಂತ ದೊಡ್ಡದಿರುತ್ತದೆ, ಅದು ಬೇರೆ ಮಾತು. ಹೆಂಡತಿ ಲೀಲಾಬಾಯಿ ತವರೂರು ತಡವಳಕ್ಕೆ ಹೊರಟು ನಿಂತಿದ್ದಾರೆ. ಇಳಕಲ್ ಸೀರೆ ಉಟ್ಟಾಗಿದೆ, ಕೈಚೀಲ ಬಾಗಿಲಿಗೆ ಬಂದಿದೆ. ಮೂಲೆಯಲ್ಲಿ ಅಂಗಡಿಯಿಂದ ನಿವೃತ್ತಿಯಾಗಿ ಮನೆಗೆ ಬಂದ ಕಂಪ್ಯೂಟರು. ಅದರ ಮುಂದೆ ಸೊಸೆ ಪೂನಮ.

ಲೀಲಾಬಾಯಿ ವರ್ಷಗಟ್ಟಲೆ ಅಲ್ಲಿಂದ ಇಲ್ಲಿಂದ ಕೂಡಿಹಾಕಿದ ಕನ್ನಡ ಇ-ಪುಸ್ತಕಗಳೆಲ್ಲ ಈ ಕಂಪ್ಯೂಟರಿನಲ್ಲಿದ್ದವು. ಶ್ರಾವಣ ಹಿಡಿಯುವ ಮುಂಚೆ 'ಇವನ್ನ ನನ್ನ ಮೊಬೈಲಿಗೆ ಹಾಕಿ ಕೊಡ್ರಿ' ಎಂದು ಗಂಡನಿಗೆ ಹೇಳಿದ್ದರು. ಗಂಡ ಹಾಕಿಕೊಟ್ಟಿದ್ದರು. ಮೊನ್ನೆ ಆ ಹಳೆಯ ಮೊಬೈಲು ಹೋಗಿ ಹೊಸದು ಬಂತು. ಹೊಸದರಲ್ಲಿ ಫೋಟೋಗಳಿವೆ, ನಂಬರುಗಳಿವೆ, ಪುಸ್ತಕಗಳಿಲ್ಲ. ಹೋಗಲಿ, ಕಂಪ್ಯೂಟರಿನಲ್ಲಿ ಹೇಗೂ ಇರುತ್ತವಲ್ಲ ಎಂದು ಅದರ ಮೇಲಿನ ಟಾವೆಲು ಸರಿಸಿ ತೆರೆದು ನೋಡಿದರೆ ಅಲ್ಲಿಯೂ ಬಟಾಬಯಲು.)

ಪೂನಮ: ಮಾಮಾ, ಕಾಪಿ ಮಾಡಿದ್ರ ಸಾಕಾಗಿತ್ತು. ಅಲ್ಲೂ ಇರತಿತ್ತು, ಇಲ್ಲೂ ಇರತಿತ್ತು.

ನಾಗಣ್ಣ: ಹೌದಾ? ಹೈದ್ರಾಬಾದದ ಗಿರಾಕಿಗೆ ಒಂದ ಗಠ್ಠಾ ಟಾವೆಲ್ ಕಳಿಸಿದೆ ಅಂತ ತಿಳಕೋ. ಅದೇ ಗಠ್ಠಾ ನಮ್ಮ ಗೋಡೌನದಾಗೂ ಕುಂತದ ಅಂದ್ರ ನಿನ್ನ ಗಂಡ ನಿತಿನ ಏನಂತಾನ?

ಪೂನಮ: 'ಪಪ್ಪಾ, ಮಾಲು ಕಳಸೇ ಇಲ್ಲ ನೀವು' ಅಂತಾರ.

ನಾಗಣ್ಣ: ಹಾಂ! ಮತ್ತ? ಕಳಿಸಿದ್ದು ಕಳಿಸಿದಂಗ ಇರಬೇಕು. ಕಳಿಸಿದ ಮ್ಯಾಲ ಇಲ್ಲಿ ಉಳಿದ್ರ ಆ ಕಳಿಸಿದ್ದಕ್ಕ ಏನ ಅರ್ಥ?

ಪೂನಮ: ತಡೀರಿ, ಕಸದ ಡಬ್ಬಿ ನೋಡ್ತೀನಿ. ಅಳಿಸಿದ್ದು ಮೊದಲ ಅಲ್ಲಿಗೇ ಹೋಗಿ ಬೀಳತದ. (ಮೌಸ್ ಒತ್ತುತ್ತಾಳೆ.) ಅಗಬಾಯಿ! ಅದೂ ಖಾಲಿ ಅದ!

ನಾಗಣ್ಣ (ಹೆಮ್ಮೆಯಿಂದ): ಅದನ್ನೂ ನಾನ ಖಾಲಿ ಮಾಡೀನಿ. ದೀಪ ಹಚ್ಚೂದರೊಳಗ ಕಸ ಹೊರಗ ಹೋಗಬೇಕು ಅಂತ ನಿಮ್ಮತ್ತಿ ಲಗ್ನ ಆದಾಗಿಂದ ಹೇಳಾಕತ್ತಾಳ.

ಲೀಲಾಬಾಯಿ: ಲಗ್ನ ಆದಾಗಿಂದ ಮನಿ ಕಸ ಒಂದ ದಿವಸ ಹೊರಗ ಹಾಕಿದವರಲ್ಲ. ನನ್ನ ಪುಸ್ತಕ ಕಸ ಆದ ಕೂಡ್ಲೇ ಶಾಸ್ತ್ರ ನೆನಪಾತು!

ಪೂನಮ: ನಾ ಆಗೇ ಹೇಳಿದ್ದೆ ಅತ್ತೀ, ಇಂಟರ್ನೆಟ್ ಮ್ಯಾಲ ಒಂದ ಕಾಪಿ ಇಡೂಣು ಅಂತ. ಮಾಮಾನ ಬ್ಯಾಡ ಅಂದ್ರು.

ನಾಗಣ್ಣ: ಮಂದಿ ಗೋಡೌನದಾಗ ಮಾಲು ಇಟ್ಟು ತನ್ನ ಮನ್ಯಾಗ ನಿಶ್ಚಿಂತಿಲೆ ಮಲಗಿದ ವ್ಯಾಪಾರಿನ್ನ ನಾ ಇನ್ನೂ ನೋಡಿಲ್ಲವಾ.

ಲೀಲಾಬಾಯಿ: ನಿಮ್ಮ ಗೋಡೌನದಾಗ ಇಟ್ಟಾಕಿನ್ನ ನೋಡ್ರಿ ಈಗ. ಎದುರಿಗೇ ನಿಂತೀನಿ.

(ನಾಗಣ್ಣನವರು ಒಂದು ಚಮಚ ಖಿಚಡಿ ಬಾಯಿಗಿಟ್ಟು ಸಾವಕಾಶವಾಗಿ ಅಗಿದರು. ವ್ಯಾಪಾರದಲ್ಲಿ ಕೂದಲು ನೆರೆಸಿಕೊಂಡವರು ಆಪಾದನೆ ಬಂದಾಗ ಮೊದಲು ಅಗಿಯುತ್ತಾರೆ, ಆಮೇಲೆ ಅದನ್ನು ಎದುರಿನವರ ತಟ್ಟೆಗೆ ಬಡಿಸುತ್ತಾರೆ.)

ನಾಗಣ್ಣ: ಒಂದ ಮಾತ ಕೇಳ್ತೀನಿ ಲೀಲಾ. ಮಾಲು ನಿನ್ನ ಮೊಬೈಲಿಗೆ ಮುಟ್ಟಿತ್ತೋ ಇಲ್ಲೋ?

ಲೀಲಾಬಾಯಿ: ಮುಟ್ಟಿತ್ತು.

ನಾಗಣ್ಣ: ಮುಟ್ಟಿದ ಮ್ಯಾಲ ಜವಾಬ್ದಾರಿ ಗಿರಾಕೀದು. ಆ ಹಳೆ ಮೊಬೈಲ್ ಎಲ್ಲಿ?

ಲೀಲಾಬಾಯಿ: ಮೊಬೈಲ್ ಅಂಗಡಿಗೆ ಹೋತು. ಹೊಸದ ಕೊಡೂ ಮುಂದ ಹಳೇದ ಇಸಕೊಂಡ್ರು.

ನಾಗಣ್ಣ: ಪುಸ್ತಕ ಸಹಿತ?

ಲೀಲಾಬಾಯಿ (ದನಿ ತಗ್ಗಿಸಿ): ತೊಳದ ಕೊಟ್ಟೀನಿ.

ನಾಗಣ್ಣ: ತೊಳದ? ಮೊಬೈಲ? ನೀರಾಗ?

ಲೀಲಾಬಾಯಿ: ಅಷ್ಟೇನ ಹುಚ್ಚಿ ಅಲ್ಲ ನಾ. ಒಳಗಿಂದೆಲ್ಲಾ ಅಳಿಸಿ ಕೊಟ್ಟೀನಿ. ಎಂಜಲ ಭಾಂಡೆ ಯಾರರೆ ಮಂದಿಗೆ ಕೊಡ್ತಾರೇನ್ರಿ? ಆ ಅಂಗಡ್ಯಾಂವ 'ಕಾಕೂ, ನಾನ ಅಳಸ್ತೀನಿ ಬಿಡ್ರಿ' ಅಂದ. ಬಿಡ್ತೀನಾ? ನಮ್ಮ ಮನಿ ಎಂಜಲ ಆ ಹುಡುಗನ ಕೈಲೆ ತೊಳಸೂದ? ಅಲ್ಲೇ ಸ್ಟೂಲ್ ಮ್ಯಾಲ ಕುಂತ, ಪೂರಾ ಅಳಿಸಿ, ಮ್ಯಾಲ ಸೆರಗಲೆ ಒರಿಸಿ ಕೊಟ್ಟ ಬಂದೀನಿ.

(ನಾಗಣ್ಣನವರು ತಟ್ಟೆ ಕೆಳಗಿಟ್ಟರು. ಇಷ್ಟು ಸಂತೋಷವನ್ನು ತಟ್ಟೆ ಹಿಡಿದುಕೊಂಡು ಅನುಭವಿಸುವುದು ಕಷ್ಟ.)

ನಾಗಣ್ಣ: ಕೇಳಿದೇನವಾ ಪೂನಮಾ? ನಾ ಗೋಡೌನ್ ಖಾಲಿ ಮಾಡಿದ್ದು ಪಾಪ, ನಿಮ್ಮತ್ತಿ ಭಾಂಡೆ ತೊಳದದ್ದು ಪುಣ್ಯ!

ಲೀಲಾಬಾಯಿ: ನಾ ತೊಳೀಬೇಕಾದ್ರ ಮನ್ಯಾಗ ಇನ್ನೊಂದ ಕೊಡ ತುಂಬಿ ಇಟ್ಟದ ಅಂತ ತಿಳದಿದ್ದೆ. ಅದನ್ನ ನೀವು ಶ್ರಾವಣದ ಮೊದಲೇ ಚೆಲ್ಲಿ ಕುಂತೀರಂತ ಯಾರಿಗೆ ಗೊತ್ತು?

ನಾಗಣ್ಣ: ಅದೂ ಹೋಗಲಿ. ಛಲೋ ಇದ್ದ ಮೊಬೈಲ್ ಬದಲಿ ಮಾಡೂ ಗರಜ ಏನಿತ್ತು?

ಲೀಲಾಬಾಯಿ: ಛಲೋ? ಅದಕ್ಕೇನೋ ಹೊಕ್ಕಿತ್ತು! ಒಂದ ಸೋಮವಾರ ತಡವಳದಾಗ ಓದಿ ಮುಚ್ಚಿಟ್ಟಿರತಿದ್ದೆ. ಮುಂದಿನ ಸೋಮವಾರ ತೆಗದ್ರ ಓದಿದ ಪುಟ ಬಿಟ್ಟು ಪಾನ ತಾನಾಗೇ ಎಲ್ಲೋ ಮುಂದ ಹೋಗಿರತಿತ್ತು. ಅಕ್ಷರ ನೋಡಿದ್ರ ಕುಂಬಳಕಾಯಿ ಆಗಿರತಿದ್ವು. ಒಂದ ಪಾನಿನಾಗ ನಾಕ ಶಬ್ದ! ಅಷ್ಟ ಹೆಣ್ಣಮಕ್ಕಳ ಮುಂದ ಅರ್ಧಾ ಕಣ್ಣ ಮುಚ್ಚಿ ಹಿಂದ ಹಿಂದ ಸರಿಸಿಕೋತ ಕುಂದರಬೇಕು. ಅದಕ್ಕ ನಿತಿನಗ ಅಂದೆ, 'ಇದು ಕೆಟ್ಟದಪಾ, ಬದಲಿ ಮಾಡಿ ಕೊಡು.'

(ನಾಗಣ್ಣನವರಿಗೆ ಕೆಮ್ಮು ಬಂತು. ಬಾಯಲ್ಲಿ ಖಿಚಡಿ ಇರಲಿಲ್ಲ, ಆದರೂ ಬಂತು. ಪೂನಮ ನೀರು ತಂದುಕೊಟ್ಟಳು. ಅವರು ಲೋಟ ಖಾಲಿಯಾಗುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.)

ಪೂನಮ: ಅತ್ತೀ, ಒಂದ ಮಾಡ್ರಿ. ಇವತ್ತ ಪುರಾಣ ಅಷ್ಟ ಓದಿ ಬರ್ರಿ. ಅದು ಅಚ್ಚಿನ ಪುಸ್ತಕ ಅದಲ್ಲ?

ಲೀಲಾಬಾಯಿ: ಅದ. ಕೈಚೀಲದಾಗೇ ಅದ. ಅವರೆಲ್ಲಾ ಪುರಾಣ ಕೇಳಾಕ ಬರತಾರಂತ ತಿಳದೀ ಏನು? ಪುರಾಣ ಊಟ ಇದ್ದಂಗ. ಕಾಯೂದು ಹೋಳಿಗಿ ಸಲುವಾಗಿ.

(ತಡವಳದ ಹೆಣ್ಣುಮಕ್ಕಳು ಬೈಯುವುದು, ಅಳುವುದು, ಸೋಬಾನೆ ಹಾಡುವುದು ಎಲ್ಲ ಕನ್ನಡದಲ್ಲಿಯೇ, ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಮರಾಠಿ. ಲೀಲಾಬಾಯಿ ಚಿಕ್ಕಂದಿನಲ್ಲಿ ಗಡಿಯಾಚೆ ಕರ್ನಾಟಕದ ಇಂಡಿ ಊರಿನ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವರು. ಹಾಗಾಗಿ ಶ್ರಾವಣದ ಪ್ರತಿ ಸೋಮವಾರ ತಡವಳದಲ್ಲಿ ಅಣ್ಣ ಬಂಡೆಪ್ಪನ ಪಡಸಾಲೆಯಲ್ಲಿ ಅವರದೇ ಓದು. ಮೊದಲು ಒಂದು ಅಧ್ಯಾಯ ಪುರಾಣ, ಮಂಗಳಾರತಿ. ಮಂಗಳಾರತಿಯ ತಟ್ಟೆ ಕೆಳಗಿಟ್ಟ ಕೂಡಲೇ ಮೊಬೈಲು ಹೊರಗೆ ಬರುತ್ತದೆ, ಹೆಂಗಸರು ಒಂದೊಂದು ಗೇಣು ಮುಂದೆ ಸರಿಯುತ್ತಾರೆ. ಈ ವರ್ಷದ ಹೋಳಿಗೆ ಒಂದು ಕೊಲೆಯ ಕಾದಂಬರಿ. ಊರಲ್ಲಿ ಅದಕ್ಕೆ 'ಮುನೀಮನ ಕಥೆ' ಎಂದೇ ಹೆಸರಾಗಿದೆ.)

ಪೂನಮ: ಏನದ ಅತ್ತೀ ಅಂಥಾದ್ದು ಆ ಕಥಿಯೊಳಗ?

ಲೀಲಾಬಾಯಿ: ಹತ್ತಿ ಸಾಹುಕಾರನ್ನ ಅವನ ಗೋಡೌನದಾಗೇ ಕೊಂದಾರವಾ. ಸಾಯೂ ಮುಂದ ಅಲ್ಲಿಗೆ ಬಂದವರು ಮೂರ ಮಂದಿ. ತಮ್ಮ, ಎರಡನೇ ಹೆಂಡತಿ, ಲೆಕ್ಕಾ ಬರಿಯೂ ಮುನೀಮ. ಹೋದ ಸೋಮವಾರ ಇನ್ಸ್‌ಪೆಕ್ಟರ್ ಬಂದು ಪಡಸಾಲ್ಯಾಗ ನಿಂತು, 'ಕೊಂದವರು ಇಲ್ಲೇ ಅದಾರ, ನಿಮ್ಮೊಳಗೇ ಅದಾರ' ಅಂದ. ಅಲ್ಲಿಗೆ ಬಸ್ಸಿನ ವ್ಯಾಳೆ ಆತು, ಮುಚ್ಚಿದೆ. ಅವತ್ತಿಂದ ತಡವಳದ ವೈನಿ ದಿನಾ ಫೋನ್ ಮಾಡಾಕತ್ತಾಳ. 'ಯಾರ ಕೊಂದಾರ ನನಗೊಬ್ಬಾಕಿಗೆ ಹೇಳು ಲೀಲಾ, ಆಣಿ ಮಾಡಿ ಹೇಳ್ತೀನಿ, ಯಾರಿಗೂ ಹೇಳೂದಿಲ್ಲ' ಅಂತಾಳ.

ಪೂನಮ: ಹಂಗಾದ್ರ ಬಾಯಿಲೇ ಹೇಳಿಬಿಡ್ರಿ. ಪುಸ್ತಕ ಯಾಕ ಬೇಕು?

ಲೀಲಾಬಾಯಿ: ನನಗ ಎಲ್ಲಿ ಗೊತ್ತು?

ಪೂನಮ: ನೀವು ಓದಿಲ್ಲ?

ಲೀಲಾಬಾಯಿ: ದೇವರ ಮುಂದ ಇಡೂಕಿಂತ ಮೊದಲ ನೈವೇದ್ಯ ರುಚಿ ನೋಡ್ತಾರೇನವಾ? ಅವರೆಲ್ಲಾ ಕುಂತು ಕೇಳೂದನ್ನ ನಾ ಒಬ್ಬಾಕಿನ ಮೊದಲ ಓದಿ ಎಂಜಲ ಮಾಡೂದಿಲ್ಲ. ಅವರ ಕೂಡೇ ಓದೂದು, ಅವರ ಕೂಡೇ ಅಂಜೂದು.

ಪೂನಮ: ಮತ್ತೊಮ್ಮಿ ಕೊಂಡು ಇಳಿಸಿಕೊಂಡ್ರ?

ಲೀಲಾಬಾಯಿ: ಅದನ್ನ ಮಾರೂ ವೆಬ್‌ಸೈಟೇ ಬಂದ್ ಆಗೇದ.

(ಲೀಲಾಬಾಯಿ ಕೈಚೀಲವನ್ನು ಬಾಗಿಲಿಂದ ಎತ್ತಿ ತಂದು ಸೋಫಾದ ಮೇಲಿಟ್ಟು ಅದರ ಪಕ್ಕದಲ್ಲಿ ತಾವೂ ಕುಳಿತರು. ಈ ತನಕ ಜಗಳದ ದನಿಯಿತ್ತು. ಅದು ಈಗ ಇಲ್ಲ.)

ಲೀಲಾಬಾಯಿ: ನಾ ಹೋಗೂದಿಲ್ಲ. ಏನ ಮುಖಾ ಹೊತ್ಕೊಂಡ ಹೋಗಲಿ? ಶೇಂಗಾ ಹೊಲದಿಂದ ಬಂದು, ಗಡಬಡ ಕೈಕಾಲ ತೊಳಕೊಂಡು, ಅಡಗಿ ಬಿಟ್ಟು ಬಂದು ಕುಂತಿರತಾರ. ಈ ಮನ್ಯಾಗ ನನ್ನ ಕನ್ನಡ ಯಾರಿಗೂ ಬೇಕಾಗಿಲ್ಲ. ಮಗ ಮರಾಠಿ ಓದಿದಾಂವ, ಸೊಸಿ ಮರಾಠಿ ಓದಿದಾಕಿ. ನಿಮ್ಮ ಮಾವಾರಂತೂ 'ಪುಸ್ತಕ ಓದಿ ಏನ ಗಂಟ ಕಟ್ಟಕೊಳ್ಳೂದದ' ಅನ್ನವರು. ಅಲ್ಲಿ ಒಂದ ಕಡೆ ನನ್ನ ದನಿ ಕೇಳಾಕ ಕಿವಿ ಇದ್ವು. ಅವೂ ಇವತ್ತಿಗೆ ಮುಗದ್ವು.

(ಪೂನಮ ಮೌಸ್ ಬಿಟ್ಟು ಅತ್ತೆಯ ಬಳಿ ಬಂದು ಕುಳಿತಳು. ನಾಗಣ್ಣನವರಿಗೆ ಹೆಂಡತಿ ಬೈದರೆ ಸಹಿಸಿ ರೂಢಿಯಿದೆ, ಸುಮ್ಮನಾದರೆ ರೂಢಿಯಿಲ್ಲ. ತಟ್ಟೆಯನ್ನು ದೂರ ಸರಿಸಿದರು.)

ನಾಗಣ್ಣ: ಇಷ್ಟಕ್ಕ ಯಾಕ ಜೀವಾ ಸಣ್ಣ ಮಾಡ್ತಿ? ಬಾಯಿ ಅದ, ಕಟ್ಟಿ ಹೇಳು. ಅವರೇನ ಪುಸ್ತಕ ತಗದು ತಾಳೆ ನೋಡ್ತಾರ? 'ತಮ್ಮ ಕೊಂದಾನ' ಅಂದ್ರ ಆತು.

ಲೀಲಾಬಾಯಿ: ಹಂಗ ಕಟ್ಟಾಕ ಬರೂದಿಲ್ಲ. ಅವರು ಬುದ್ಧಿವಂತರದಾರ. 'ಯಾಕ ಕೊಂದ, ಹ್ಯಾಂಗ ಕೊಂದ' ಕೇಳ್ತಾರ.

ನಾಗಣ್ಣ: ಹಂಗಾರ ಎರಡನೇ ಹೆಂಡತಿ ಅನ್ನು.

ಲೀಲಾಬಾಯಿ: ಮುನೀಮ ಅಂದ್ರ ಸುಲಭ ಆಗತದ. ಮಂದಿಗೆ ಅವನ ಮ್ಯಾಲೇ ಸಂಶೇ ಅದ.

ನಾಗಣ್ಣ (ಎದ್ದು ನಿಂತು): ಮುನೀಮ ಅಲ್ಲ!

ಲೀಲಾಬಾಯಿ: ಯಾಕ ಅಲ್ಲ?

ನಾಗಣ್ಣ: ಶಕ್ಯ ಇಲ್ಲ! ಉಪ್ಪ ಉಂಡ ಮನಿಗೆ ಅಂವ ಹಂಗ ಮಾಡಾಂವಲ್ಲ. ಧೋತರದ ಮ್ಯಾಲ ರಕ್ತ ಇದ್ರ ಏನಾತು? ಬಿದ್ದ ಸಾಹುಕಾರನ್ನ ತೊಡಿ ಮ್ಯಾಲ ಮಲಗಿಸಿಕೊಂಡಾನ, ರಕ್ತ ಹತ್ತೇದ. ಅಷ್ಟಕ್ಕೇ ಬೇಡಿ ಹಾಕಿ ಒಯ್ಯೂದ? ಆ ಇನ್ಸ್‌ಪೆಕ್ಟರಗ ವ್ಯವಹಾರ ಗೊತ್ತಿಲ್ಲ!

(ಲೀಲಾಬಾಯಿ ನಿಧಾನವಾಗಿ ತಲೆಯೆತ್ತಿದರು.)

ಲೀಲಾಬಾಯಿ: ಧೋತರದ ಮ್ಯಾಲ ರಕ್ತ?

ನಾಗಣ್ಣ: ಆಂ?

ಲೀಲಾಬಾಯಿ: ಬೇಡಿ? ಮುನೀಮಗ ಬೇಡಿ ಹಾಕಿದ್ರಾ? ನಾವು ಇನ್ನೂ ಅಲ್ಲಿಗೆ ಬಂದೇ ಇಲ್ಲ!

ನಾಗಣ್ಣ: ಅಂದಾಜಲೆ ಅಂದೆ. ಇಂಥಾ ಕಥಿಯೊಳಗ ಧೋತರ ಇದ್ದೇ ಇರತದ.

ಲೀಲಾಬಾಯಿ: ನನ್ನ ಮೊಬೈಲ್‌ದಾಗ ಪಾನ ಸರಿಸಿದ ದೆವ್ವ ನೀವ ಹೌದಲ್ರೀ?

ನಾಗಣ್ಣ: ದೆವ್ವ ಯಾಕ ಅಂತಿ…

ಲೀಲಾಬಾಯಿ: ಕುಂಬಳಕಾಯಿ ಅಕ್ಷರ?

ನಾಗಣ್ಣ (ಕುಳಿತು): ಕನ್ನಡ ನಾ ಮಠದಾಗ ಕಲತದ್ದು. ಕೈಬಿಟ್ಟು ಎಷ್ಟೋ ವರ್ಷ ಆತು. ಸಣ್ಣ ಅಕ್ಷರ ಇದ್ರ ಕೂಡಸಾಕ ಬರೂದಿಲ್ಲ. ಮುಂಜಾನೆ ನೀ ಪೂಜಾಕ್ಕ ಕುಂತಾಗ ಒಂದ ಸಲ ಸುಮ್ನ ತಗದ ನೋಡಿದೆ. ಹತ್ತಿ ಗೋಡೌನ್ ಬಂತು, ಸಾಹುಕಾರ ಬಂದ, ಮಾಲು ಬಂತು. ನಮ್ಮದೇ ಧಂದೆ ಕಂಡಂಗಾತು. ಮರದಿವಸ ಮತ್ತ ತಗದೆ.

ಪೂನಮ (ನಗು ತಡೆಯಲಾಗದೆ): ಅದಕ್ಕೇನ ಮಾಮಾ, ಅಂಗಡಿಗೆ ದಿನಾ ತಡಾ ಆಗಿ ಹೋಗತಿದ್ರಿ? ಇವರು 'ಪಪ್ಪಾಗ ಅಂಗಡಿ ಬ್ಯಾಸರಾಗೇದ' ಅಂತ ಕಾಳಜಿ ಮಾಡಾಕತ್ತಿದ್ರು.

ಲೀಲಾಬಾಯಿ: ನೈವೇದ್ಯ! ಊರ ಮಂದಿ ನೈವೇದ್ಯ ದಿನಾ ಮುಂಜಾನೆ ಎಂಜಲ ಮಾಡಿದ್ರಿ! ಮ್ಯಾಲ ಕೆಟ್ಟದ ಅಂತ ಬಿರುದ ನನ್ನ ಮೊಬೈಲಿಗೆ! ನೀವು ಓದದಿದ್ರ ನಾ ಅದನ್ನ ಬದಲಿ ಮಾಡತಿದ್ದಿಲ್ಲ, ಬದಲಿ ಮಾಡದಿದ್ರ ತೊಳೀತಿದ್ದಿಲ್ಲ.

ನಾಗಣ್ಣ: ನೀ ತೊಳೀದಿದ್ರ ನನಗೂ ಇವತ್ತ ಗೊತ್ತಾಗತಿತ್ತು. ಮುನೀಮ ಬೇಡಿ ಹಾಕ್ಕೊಂಡು ಜೀಪಿನಾಗ ಕುಂತಾನ. ಅಲ್ಲೇ ಬಿಟ್ಟೀನಿ. ಎರಡ ದಿವಸ ಆತು, ನಿದ್ದಿ ಇಲ್ಲ.

(ಲೀಲಾಬಾಯಿಗೆ ಸಿಟ್ಟು ಬಂದಿತ್ತು. ಅದರ ಹಿಂದೆಯೇ ಇನ್ನೊಂದೂ ಬಂದಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಸುಲಭದ ಹೆಂಗಸಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡರು.)

ಲೀಲಾಬಾಯಿ: ಅಕ್ಷರ ಕೂಡಿಸಿ ಕೂಡಿಸಿ ಓದೂಕಿಂತ, 'ಲೀಲಾ, ನನಗೂ ಒಂದೀಟ ಓದಿ ಹೇಳು' ಅಂದಿದ್ರ ಏನ ಆಗತಿತ್ತು?

ನಾಗಣ್ಣ: ಇಷ್ಟ ವರ್ಷ 'ಓದಿ ಏನ ಗಂಟ ಕಟ್ಟಕೊಳ್ಳೂದದ' ಅಂದಾಂವ, ಈಗ ಹ್ಯಾಂಗ ಕೇಳಲಿ? ಮಾನ ಹೋಗತಿತ್ತು.

ಲೀಲಾಬಾಯಿ: ಈಗ ಉಳದದೇನು?

ನಾಗಣ್ಣ: ಪೂನಮ ನಿತಿನಗ ಹೇಳದಿದ್ರ ಒಂದೀಟ ಉಳದದ.

(ಹೊಸ ಮೊಬೈಲು ಗಂಟೆ ಬಾರಿಸಿತು. ತಡವಳದಿಂದ ಕಲ್ಯಾಣಮ್ಮ, ಬಂಡೆಪ್ಪನ ಹೆಂಡತಿ. ಲೀಲಾಬಾಯಿ ಹೊಸ ಮೊಬೈಲಿನಲ್ಲಿ ಎಲ್ಲಿ ಒತ್ತಬೇಕೆಂದು ಹುಡುಕಿ ಒತ್ತಿದ್ದೇ ತಡ, ವೈನಿಯ ದನಿ ಮನೆಯೆಲ್ಲ ತುಂಬಿತು.)

ಕಲ್ಯಾಣಮ್ಮ: ಎಲ್ಲಿದ್ದೀ ಲೀಲಾ? ಅಕ್ಕಲಕೋಟ ದಾಟಿದೇನು? ಇಲ್ಲಿ ಜಾಗಾ ಹಿಡ್ಯಾಕ ಈಗೇ ಚಾಪಿ ಹಾಸಾಕತ್ತಾರ!

ಲೀಲಾಬಾಯಿ: ವೈನಿ, ನಾ ಬರೂದಿಲ್ರಿ. ಪುಸ್ತಕ ಹೋತು. ಮೊಬೈಲ್‌ದಾಗಿಂದೂ ಹೋತು, ಕಂಪ್ಯೂಟರದಾಗಿಂದೂ ಹೋತು. ಈಗ ಎಲ್ಲೂ ಇಲ್ಲ.

ಕಲ್ಯಾಣಮ್ಮ: ಎಲ್ಲೂ ಇಲ್ಲ ಅಂದ್ರ? ನಮ್ಮನ್ಯಾಗ ಅದಲ್ಲ!

(ಮೂವರೂ ಮೊಬೈಲಿನ ಮೇಲೆ ಬಗ್ಗಿದರು.)

ಲೀಲಾಬಾಯಿ: ನಿಮ್ಮನ್ಯಾಗ ಹ್ಯಾಂಗ ಬಂತ್ರಿ?

ಕಲ್ಯಾಣಮ್ಮ: ನೀನ ಕೊಟ್ಟೀದಿ, ಮರತೇನು? ನಮ್ಮ ಶ್ರದ್ಧಾನ ಪೆನ್ ಡ್ರೈವ್! ಲಗ್ನದ ಫೋಟೋ ನೋಡಾಕ ನಿನಗ ಕೊಟ್ಟು ಕಳಿಸಿದ್ದಳಲ್ಲ ನನ್ನ ಸೊಸಿ. ಶ್ರಾವಣದ ಮೊದಲನೇ ಸೋಮವಾರ ಶೇಂಗಾ ಹಿಂಡಿ ಡಬ್ಬಿ ಜೋಡಿ ವಾಪಸ್ ತಂದುಕೊಟ್ಟಿ. ಅದರಾಗ ನಿನ್ನ ಪುಸ್ತಕದ ರಾಶೀನ ಅದಂತ.

ಪೂನಮ (ಹಣೆ ಬಡಿದುಕೊಂಡು): ಅಗಬಾಯಿ! ಖರೆ ಅತ್ತೀ! ನಾನ ತುಂಬಿದ್ದು! ಫೋಟೋ ಕಂಪ್ಯೂಟರಿಗೆ ತಗೊಂಡ ಕೂಡ್ಲೇ ಮಾಮಾ ಆ ಪೆನ್ ಡ್ರೈವ್ ಖಾಲಿ ಮಾಡಿದ್ರು. ನೀವು ಅದನ್ನ ಕೈಯಾಗ ಹಿಡದು 'ಮಂದಿ ಡಬ್ಬಿ ಖಾಲಿ ವಾಪಸ್ ಕೊಡಬಾರದು, ಒಂದೆರಡ ಪುಸ್ತಕರೆ ಹಾಕು' ಅಂದ್ರಿ.

ಲೀಲಾಬಾಯಿ: ಒಂದೆರಡ ಅಂದಿದ್ದೆ.

ಪೂನಮ: ಹೂಂ. ಆದ್ರ ಯಾವ ಎರಡು? ನನಗ ಕನ್ನಡ ಓದಾಕ ಬರೂದಿಲ್ಲ. ಒಂದರ ಹೆಸರೂ ತಿಳೀಲಿಲ್ಲ. ಆರಸೂದ್ಯಾಕ ಅಂತ ಪೂರಾ ರಾಶಿನ ಹಾಕಿಬಿಟ್ಟೆ. ಅದಾದ ಮ್ಯಾಲ ಮಾಮಾ ಕಂಪ್ಯೂಟರ್ ಝಾಡಿಸ್ಯಾರ.

ನಾಗಣ್ಣ (ಎದೆ ಮುಂದೆ ಮಾಡಿ): ನೋಡಿದೇನ ಲೀಲಾ? ನಾ ಅದನ್ನ ಖಾಲಿ ಮಾಡಿದ್ದಕ್ಕ ನೀವು ತುಂಬಿದ್ರಿ. ನಾ ಖಾಲಿ ಮಾಡದಿದ್ರ ಇವತ್ತ…

ಲೀಲಾಬಾಯಿ: ಲಗ್ನದ ಫೋಟೋ ಅಳಿಸಿದವರು ಸುಮ್ಕ ಕುಂದರ್ರಿ. ವೈನಿ, ಶ್ರದ್ಧಾನ ಫೋಟೋ…?

ಕಲ್ಯಾಣಮ್ಮ: ಆಕಿ ಹತ್ರ ಬ್ಯಾರೆ ಅವ. ಕಾಳಜಿ ಬ್ಯಾಡ.

(ಲೀಲಾಬಾಯಿಯ ಮುಖ ಅರಳಿತು. ಆದರೆ ಒಂದು ವಿಚಾರ ಬಂದು ಅಲ್ಲೇ ಮುದುಡಿತು.)

ಲೀಲಾಬಾಯಿ: ತಡೀರಿ ವೈನಿ. ಅದರಾಗ ಪುಸ್ತಕ ಅದ ಅಂತ ನಿಮಗ ಹ್ಯಾಂಗ ಗೊತ್ತಾತು? ನಿಮ್ಮನ್ಯಾಗ ಕನ್ನಡ ಓದವರು ಯಾರೂ ಇಲ್ಲ.

ಕಲ್ಯಾಣಮ್ಮ (ತಡವರಿಸಿ): ಏನ ಮಾಡೂದ ಲೀಲಾ, ನಮಗ ತಡಕೊಳ್ಳಾಕ ಆಗಲಿಲ್ಲ. ನೀ ಅಂಥಾ ಜಾಗಾಕ್ಕ ನಿಲ್ಲಿಸಿ ಹೋದಿ. ನಿನ್ನೆ ಶ್ರದ್ಧಾ ಅಂದಳು, 'ಅತ್ತೀ, ಈಗ ಮೊಬೈಲೇ ಪುಸ್ತಕ ಓದಿ ಹೇಳತದ' ಅಂತ. ಒಂದೊಂದ ಹಚ್ಚಿ ನೋಡಿ, ಮುನೀಮನ ಕಥಿ ಸಿಕ್ಕ ಕೂಡ್ಲೇ ಕೇಳಕೋತ ಕುಂತ್ವಿ.

ಲೀಲಾಬಾಯಿ: ಛಲೋ ಆತು ಬಿಡ್ರಿ. ಮೊಬೈಲೇ ಓದಿ ಹೇಳತದಂದ್ರ ನಾ ಬಸ್ಸ ಹತ್ತಿ ಯಾಕ ಬರಬೇಕು?

ಕಲ್ಯಾಣಮ್ಮ: ಪೂರಾ ಕೇಳು! ಸಾಹುಕಾರನ ಹೆಂಡತಿ ಅಳಾಕತ್ತಾಳ, ಅದು ರೈಲ್ವೆ ಸ್ಟೇಶನ್‌ದಾಗ 'ಗಾಡಿ ನಂಬರ್ ಇಂತಿಷ್ಟು, ಫಲಾಟದ ಮ್ಯಾಲ ಬರಾಕತ್ತದ' ಅಂದಂಗ ಓದತದ! ಇನ್ಸ್‌ಪೆಕ್ಟರಗೂ ಅದೇ ದನಿ, ಮುನೀಮಗೂ ಅದೇ ದನಿ. ಯಾರ ಯಾರನ್ನ ಬೈಯಾಕತ್ತಾರ ತಿಳೀಲಿಲ್ಲ. ಆಜೂಬಾಜೂದವರು ತೂಕಡಿಸಿದ್ರು. ನಿಮ್ಮಣ್ಣ, ಪ್ರತಿ ಸೋಮವಾರ ಕಟ್ಟಿ ಮ್ಯಾಲ ಕುಂತು ಕೇಳಿಲ್ಲದಂಗ ಕೇಳತಿದ್ರಲ್ಲ, ಒಳಗ ಬಂದು 'ಬಂದ್ ಮಾಡ್ರಿ ಅದನ್ನ, ನಮ್ಮ ಲೀಲಾ ಓದೂ ಕಥೀನ ಕೆಡಸಾಕತ್ತದ' ಅಂತ ಒದರಿ ಹೋದ್ರು. ಮುನೀಮಗ ಬೇಡಿ ಹಾಕಿದಲ್ಲಿಗೆ ನಿಲ್ಲಿಸೀವಿ. ಮುಂದಿಂದು ಯಾರೂ ಕೇಳಿಲ್ಲ, ದೇವರಾಣಿ. ನೀ ಬಾ. ಬಂದು ನಿನ್ನ ಬಾಯಿಲೇ ಓದು.

(ಲೀಲಾಬಾಯಿ ಕಣ್ಣೊರೆಸಿಕೊಂಡು ಕನ್ನಡಿಯ ಮುಂದೆ ಹೋಗಿ ಕುಂಕುಮ ಸರಿಮಾಡಿಕೊಂಡರು. ತಿರುಗಿ ಬರುವಷ್ಟರಲ್ಲಿ ನಾಗಣ್ಣನವರು ಬಿಳಿ ಟೋಪಿ ಹಾಕಿಕೊಂಡು, ಹೆಂಡತಿಯ ಕೈಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು.)

ಲೀಲಾಬಾಯಿ: ನೀವು ಎಲ್ಲಿಗ್ರಿ?

ನಾಗಣ್ಣ: ತಡವಳಕ್ಕ. ಬಂಡೆಪ್ಪ ಮಾವಾನ್ನ ಭೇಟಿ ಆಗದ ಭಾಳ ದಿವಸ ಆತು.

ಲೀಲಾಬಾಯಿ: ಅಂಗಡಿ?

ನಾಗಣ್ಣ: ನಿತಿನ ಅದಾನ. ಕಟ್ಟಿ ಮ್ಯಾಲ ಒಬ್ಬಾಂವ ಕುಂದರೂದು ಚಂದ ಕಾಣೂದಿಲ್ಲ, ಜೋಡಿ ಬೇಕು.

ಲೀಲಾಬಾಯಿ: ಕಟ್ಟಿ ಬ್ಯಾಡ. ಒಳಗ ಬಂದು ಪಡಸಾಲ್ಯಾಗ ಕುಂದರ್ರಿ. ನಾ ನಿಮಗೂ ಕೇಳೂವಂಗ ಓದ್ತೀನಿ.

(ಮೊಬೈಲು ಇನ್ನೂ ಕಡಿದಿರಲಿಲ್ಲ. ಸೋಫಾದ ಮೇಲಿಂದಲೇ ವೈನಿಯ ದನಿ ಬಂತು.)

ಕಲ್ಯಾಣಮ್ಮ: ಏ ಲೀಲಾ, ತಡಿ, ಇಡಬ್ಯಾಡ! ಶ್ರದ್ಧಾ ಕೇಳಾಕತ್ತಾಳ. ಪೆನ್ ಡ್ರೈವದಾನ ಪುಸ್ತಕ ನಿನ್ನ ಹೊಸ ಮೊಬೈಲಿಗೆ ಹಾಕಿ ಕೊಡ್ತಾಳಂತ. ಕೊಟ್ಟ ಮ್ಯಾಲ ಇಲ್ಲಿದ್ದದ್ದನ್ನ ಅಳಿಸಿಬಿಡೂದೇನು? ನಿಮ್ಮನ್ಯಾಗ ನಾಗಣ್ಣಾರದು ಹಂಗೇನೋ ನೇಮ ಅದಂತಲ್ಲ…

ನಾಗಣ್ಣ (ಚೀಲ ಸಮೇತ ಓಡಿ ಬಂದು): ಬ್ಯಾಡ! ಬ್ಯಾಡರಿ ವೈನಿ! ಆ ಹುಡುಗಿಗೆ ಅದನ್ನ ಮುಟ್ಟಬ್ಯಾಡ ಅನ್ರಿ! ಪೆನ್ ಡ್ರೈವದಾಗ ಇರಲಿ, ಶ್ರದ್ಧಾನ ಮೊಬೈಲ್‌ದಾಗ ಇರಲಿ, ಇವಳ ಮೊಬೈಲ್‌ದಾಗ ಇರಲಿ! ಪೂನಮಾ, ನಾಳಿಗೆ ನನ್ನ ಅಂಗಡಿ ಕಂಪ್ಯೂಟರದಾಗೂ ಒಂದ ಹಾಕು! ಇಂಟರ್ನೆಟ್ ಮ್ಯಾಲೂ ಇಡು!

ಲೀಲಾಬಾಯಿ: ಒಂದೇ ಮಾಲು ಐದ ಗೋಡೌನದಾಗ? ಅದಕ್ಕ ಲಬಾಡಿ ಅಂತಾರಲ್ರೀ?

ನಾಗಣ್ಣ (ಚಪ್ಪಲಿ ಮೆಟ್ಟುತ್ತ): ಅನ್ನಲಿ. ಆ ಮುನೀಮಗ ಜಾಮೀನ ಸಿಗೂತನಕ ನಾ ಲಬಾಡನೇ. ನಡಿ, ಬಸ್ಸ ತಪ್ಪತದ.